ಕುಡಿದಿದ್ದರೂ ಸರಿ, ನಮಗೆ ಫೋನ್ ಮಾಡು ಅಂತ ಮಗನಿಗೆ ಹೇಳಬಹುದಾ?

ಕಿಟಕಿಪಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಮಗನಿಗೆ 18 ತುಂಬಿ ನಾಲ್ಕು ತಿಂಗಳಾಯಿತು. ಲೈಸೆನ್ಸ್ ಬಂದಿದೆ. ಹೋದ ಶನಿವಾರ ಗೆಳೆಯನ ಹುಟ್ಟುಹಬ್ಬ ಅಂತ ಹೋದವನು ರಾತ್ರಿ ಹನ್ನೊಂದೂವರೆಗೆ ಬಂದ. ನಾನು ಮೇಲಿನ ಕಿಟಕಿಯಲ್ಲಿ ಕಾಯುತ್ತಾ ನಿಂತಿದ್ದೆ. ಅವನನ್ನು ಬಿಡಲು ಬಂದ ಹುಡುಗ ಬೈಕಿನ ಸೈಡ್ ಸ್ಟ್ಯಾಂಡ್ ಹಾಕಲು ಕಾಲು ಚಾಚಿದ, ಸಿಗಲಿಲ್ಲ. ಮತ್ತೆ ಚಾಚಿದ, ಸಿಗಲಿಲ್ಲ. ಮೂರನೇ ಸಲಕ್ಕೆ ಸಿಕ್ಕಿತು. ನನ್ನ ಮಗ ಹಿಂದಿನಿಂದ ಇಳಿದ. ಹೆಲ್ಮೆಟ್ ತಲೆ ಮೇಲಿರಲಿಲ್ಲ, ಮೊಣಕೈಗೆ ನೇತುಹಾಕಿಕೊಂಡಿದ್ದ. ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ನಾನು ಕೆಳಗೆ ಇಳಿದು ಬರುವಷ್ಟರಲ್ಲಿ ಆ ಹುಡುಗ ಗಾಡಿ ತಿರುಗಿಸಿಕೊಂಡು ಹೊರಟೇ ಹೋಗಿದ್ದ. ಅವನು ಮನೆ ಮುಟ್ಟಿದನಾ ಅಂತ ಗೊತ್ತಾಗುವವರೆಗೂ ನನಗೆ ನಿದ್ದೆ ಬರಲಿಲ್ಲ. ಮುಟ್ಟಿದ್ದ, ಸದ್ಯ.

ಬೆಳಿಗ್ಗೆ ನಮ್ಮವರ ಹತ್ತಿರ ಹೇಳಿದೆ. ಹೇಳುವ ರೀತಿಯಲ್ಲಿ ಹೇಳಲಿಲ್ಲವೋ ಏನೋ, ಮನೆ ಅದುರುವ ಹಾಗೆ ಕೂಗಾಡಿದರು. ಕೀ ಕಿತ್ತುಕೊಂಡರು. "ಇನ್ನೊಂದ್ಸಲ ಕುಡಿದು ಬಂದ್ರೆ ಈ ಹೊಸಿಲು ತುಳೀಬೇಡ" ಅಂದರು. ಮಗ ತಲೆ ಎತ್ತಲಿಲ್ಲ. ಆವತ್ತಿನಿಂದ ನಾನು ಏನು ಕೇಳಿದರೂ "ಹೂಂ", "ಇಲ್ಲ", ಅಷ್ಟೇ. ಊಟದ ತಟ್ಟೆ ತೆಗೆದುಕೊಂಡು ರೂಮಿಗೆ ಹೋಗಿಬಿಡುತ್ತಾನೆ.

ನನ್ನ ಪ್ರಶ್ನೆ ಇದು. ಕೀ ಎಷ್ಟು ದಿನ ಬಚ್ಚಿಡೋದು? ಅವನ ಗೆಳೆಯರ ಕೀ ನಮ್ಮ ಕೈಲಿಲ್ಲ ಅಲ್ವಾ? "ಏನೇ ಆಗಿದ್ದರೂ ನನಗೆ ಫೋನ್ ಮಾಡು, ಬಂದು ಕರಕೊಂಡು ಹೋಗ್ತೀನಿ" ಅಂತ ಹೇಳೋಣ ಅನಿಸುತ್ತೆ. ಆದರೆ ಹಾಗೆ ಹೇಳಿದರೆ ಕುಡಿಯೋಕೆ ನಾನೇ ಒಪ್ಪಿಗೆ ಕೊಟ್ಟ ಹಾಗಾಗುತ್ತಾ? ಇನ್ನೊಂದು ಮಾತು, ಇದನ್ನು ಬರೆಯಲು ಕಷ್ಟವಾಗುತ್ತಿದೆ. ನಮ್ಮವರು ಗೆಳೆಯರ ಮನೆಗೆ ಊಟಕ್ಕೆ ಹೋದಾಗ ಎರಡು ಪೆಗ್ ಹಾಕಿ ತಾವೇ ಕಾರು ಓಡಿಸಿಕೊಂಡು ಬರುತ್ತಾರೆ. ಏನೂ ಆಗಿಲ್ಲ ಇಲ್ಲಿವರೆಗೆ. ಮಗ ಚಿಕ್ಕವನಿದ್ದಾಗಿನಿಂದ ಹಿಂದಿನ ಸೀಟಿನಲ್ಲಿ ಕೂತು ಅದನ್ನು ನೋಡಿದ್ದಾನೆ. ನಾನೂ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿದ್ದೇನೆ.

ಇಂಥ ಮಾತು ಶುರು ಮಾಡೋದು ಹೇಗೆ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ರಾತ್ರಿಪಾಳಿ:

ಅಕ್ಕ, ನಾನು ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸ್. ಹನ್ನೊಂದು ವರ್ಷವಾಯಿತು. ಭಯ ಹುಟ್ಟಿಸೋದಕ್ಕೆ ಬರೆಯುತ್ತಿಲ್ಲ, ಭಯ ನಿಮಗೆ ಆಗಲೇ ಇದೆ. ಒಂದೇ ಒಂದು ವಿಷಯ ಹೇಳುತ್ತೇನೆ.

ಶನಿವಾರ ರಾತ್ರಿ ಕರೆತರುವ ಹುಡುಗ ಹುಡುಗಿಯರಿಗೆ ಎಚ್ಚರ ಬಂದಾಗ ಮೊದಲು ಕೇಳುವ ಪ್ರಶ್ನೆ ಏನು ಗೊತ್ತಾ? ಕಾಲು ಮುರಿದಿದೆಯಾ ಅಂತ ಅಲ್ಲ. "ಅಪ್ಪನಿಗೆ ಹೇಳಿದ್ರಾ?" ಅಂತ. ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬ ಹುಡುಗ ಹೊಲಿಗೆ ಹಾಕುತ್ತಿರುವಾಗಲೇ ನನ್ನ ಕೈ ಹಿಡಿದುಕೊಂಡು "ಸಿಸ್ಟರ್, ಗಾಡಿ ಸ್ಕಿಡ್ ಆಯ್ತು ಅಂತ ಹೇಳಿ, ಪ್ಲೀಸ್" ಅಂದ. ಹುಬ್ಬಿನಿಂದ ರಕ್ತ ಇಳಿದು ಕಿವಿಗೆ ಹೋಗುತ್ತಿದೆ, ಅವನಿಗೆ ಅಪ್ಪನ ಯೋಚನೆ. ಆ ಮಕ್ಕಳಿಗೆ ರಸ್ತೆಗಿಂತ ಮನೆ ಜಾಸ್ತಿ ಭಯ ಹುಟ್ಟಿಸಿತ್ತು. ಅದಕ್ಕೇ ರಸ್ತೆ ಆರಿಸಿಕೊಂಡರು.

ಇನ್ನೊಂದು. ಬಂದವರಲ್ಲಿ ಗಾಡಿ ಓಡಿಸಿದವರಷ್ಟೇ ಇರುವುದಿಲ್ಲ. ಹಿಂದೆ ಕೂತವರೂ ಇರುತ್ತಾರೆ. ನಿಮ್ಮ ಮಗನೂ ಆವತ್ತು ಹಿಂದೆ ಕೂತಿದ್ದ ಅಲ್ವಾ? ಹಾಗಾಗಿ "ಕುಡಿದು ಗಾಡಿ ಓಡಿಸಬೇಡ" ಅನ್ನುವುದು ಅರ್ಧ ಮಾತು ಅಷ್ಟೇ. "ಕುಡಿದವರ ಹಿಂದೆ ಹತ್ತಬೇಡ" ಅನ್ನುವುದು ಉಳಿದರ್ಧ. ತಾನು ಒಂದು ತೊಟ್ಟೂ ಕುಡಿಯದ ಹುಡುಗ ಕೂಡ, ಗೆಳೆಯ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಹತ್ತಿ ಕೂತುಬಿಡುತ್ತಾನೆ.

ಮಗನ ಜೊತೆ ಮಾತಾಡುವಾಗ ಈ ವಿಷಯಗಳು ಗೊತ್ತಿರಲಿ. ಸಾಯ್ತೀಯ ಅಂತ ಹೆದರಿಸೋದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತೆ, ಈ ವಯಸ್ಸಿನವರಿಗೆ ಕಾರಣ ಹೇಳಿದರೆ ಕೇಳುತ್ತಾರೆ.

ಹೊಟ್ಟೆಗೆ ಹೋದ ಆಲ್ಕೋಹಾಲ್ ರಕ್ತದಲ್ಲಿ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಅಂದರೆ ಕೊನೆಯ ಗ್ಲಾಸ್ ಮುಗಿಸಿ "ನಾನು ಸರಿಯಾಗೇ ಇದ್ದೀನಿ" ಅಂತ ಹೊರಟವನಿಗೆ ಅಮಲು ಏರುವುದು ದಾರಿಯಲ್ಲಿ. ಅವನು ಸುಳ್ಳು ಹೇಳಿದ್ದಲ್ಲ. ಹೊರಟಾಗ ನಿಜವಾಗಲೂ ಸರಿ ಇದ್ದ ಹಾಗೇ ಅನಿಸಿರುತ್ತೆ. ಮೊದಲು ಮಂಕಾಗೋದು ಕೈಕಾಲಲ್ಲ, ಸರಿ ತಪ್ಪು ಅಳೆಯುವ ಬುದ್ಧಿ. ಅಮಲಿನಲ್ಲಿ ಇರುವವನ ಹತ್ತಿರ "ನೀನು ಓಡಿಸಬಲ್ಲೆಯಾ" ಅಂತ ಕೇಳಿದರೆ ಉತ್ತರ ಕೊಡುವುದು ಅದೇ ಮಂಕಾದ ಬುದ್ಧಿ ತಾನೇ?

ಕಾಫಿ ಕುಡಿದರೆ, ತಣ್ಣೀರು ಸುರಿದುಕೊಂಡರೆ, ವಾಂತಿ ಮಾಡಿದರೆ ಇಳಿಯುತ್ತೆ ಅಂತ ಹುಡುಗರು ನಂಬಿರುತ್ತಾರೆ. ಇಳಿಯುವುದಿಲ್ಲ. ಲಿವರ್ ತನ್ನ ಪಾಡಿಗೆ ಒಂದೇ ವೇಗದಲ್ಲಿ ಕೆಲಸ ಮಾಡುತ್ತೆ. ಒಂದು ಗಂಟೆಗೆ, 100 ಮಿಲಿಲೀಟರ್ ರಕ್ತದಲ್ಲಿ, ಸುಮಾರು 15 ಮಿಲಿಗ್ರಾಂ ಕಡಿಮೆಯಾಗುತ್ತೆ. ರಾತ್ರಿ ಹನ್ನೆರಡಕ್ಕೆ 120 ಇದ್ದವನಿಗೆ ಬೆಳಿಗ್ಗೆ ಆರಕ್ಕೂ 30 ಉಳಿದಿರುತ್ತೆ. "ಅಲ್ಲೇ ಮಲಗಿ ಬೆಳಿಗ್ಗೆ ಬೇಗ ಬರ್ತೀನಿ" ಅಂದರೂ ಈ ಲೆಕ್ಕ ನೆನಪಿರಲಿ. ಬೇಗ ಬರೋದು ಬೇಡ, ತಿಂಡಿ ತಿಂದು ನಿಧಾನಕ್ಕೆ ಬರಲಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೇಳಿ. ಇವತ್ತೇ ಹೇಳಿ.

ಎರಡು_ಹೆಣ್ಮಕ್ಕಳ_ಅಪ್ಪ:

ನಾನು ಹೇಳಿ ನೋಡಿದವನು. ಕೆಡಿಸಿಕೊಂಡೂ ನೋಡಿದವನು. ಎರಡನ್ನೂ ಬರೆಯುತ್ತೇನೆ.

ಅಮೆರಿಕದಲ್ಲಿ ರಾಬರ್ಟ್ ಅನಾಸ್ಟಾಸ್ ಅಂತ ಒಬ್ಬರು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ಇಬ್ಬರು ವಿದ್ಯಾರ್ಥಿಗಳನ್ನು ರಸ್ತೆಯಲ್ಲಿ ಕಳೆದುಕೊಂಡ ಮೇಲೆ 1981ರಲ್ಲಿ ಅವರು ಮಕ್ಕಳ ಜೊತೆ ಸೇರಿ ಒಂದು ಒಪ್ಪಂದದ ಹಾಳೆ ಮಾಡಿದರು. ಅಪ್ಪ ಅಮ್ಮ ಮತ್ತು ಮಗು ಇಬ್ಬರೂ ಸಹಿ ಹಾಕುವ ಹಾಳೆ. ಮಗು ಬರೆದುಕೊಡುವುದು: ನಾನಾಗಲಿ ನನ್ನನ್ನು ಕರೆತರುವವರಾಗಲಿ ಕುಡಿದಿದ್ದರೆ ನಿಮಗೆ ಫೋನ್ ಮಾಡುತ್ತೇನೆ. ಅಪ್ಪ ಅಮ್ಮ ಬರೆದುಕೊಡುವುದು: ಎಷ್ಟು ಹೊತ್ತಾಗಿರಲಿ, ಎಲ್ಲೇ ಇರು, ಬರುತ್ತೇವೆ, ಆ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮಾತು ಆಮೇಲೆ ಆಡೋಣ. ಅದರಲ್ಲಿ ಇನ್ನೊಂದು ಸಾಲಿತ್ತು, ಅದೇ ನನಗೆ ಜಾಸ್ತಿ ನಾಟಿದ್ದು. ನಾವು ಕುಡಿದಾಗ ನಾವೂ ಗಾಡಿ ಓಡಿಸುವುದಿಲ್ಲ ಅಂತ ಅಪ್ಪ ಅಮ್ಮನೂ ಮಾತು ಕೊಡಬೇಕು.

ನಾನು ದೊಡ್ಡ ಮಗಳ ಜೊತೆ ಹೀಗೇ ಮಾತಾಡಿಕೊಂಡಿದ್ದೆ. ಅವಳಿಗೆ ಆಗ 19. ಒಂದು ರಾತ್ರಿ ಒಂದೂವರೆಗೆ ಫೋನ್ ಬಂತು. ಹೋದೆ. ಹೋಗೋದೇನೋ ಹೋದೆ, ಅವಳು ಕಾರಿನ ಬಾಗಿಲು ಹಾಕುವ ಮೊದಲೇ "ಯಾರ ಜೊತೆ ಕುಡಿದೆ?" ಅಂತ ಕೇಳಿಬಿಟ್ಟೆ. ಬೈಯಲಿಲ್ಲ, ದನಿಯನ್ನೂ ಎತ್ತಲಿಲ್ಲ. ಬರೀ ಮೂರು ಪದ. ಅವಳು ಕಿಟಕಿ ಕಡೆ ತಿರುಗಿದಳು, ಮನೆವರೆಗೂ ಆ ಕಡೆಯೇ ನೋಡುತ್ತಾ ಕೂತಳು. ಆಮೇಲೆ ಐದಾರು ತಿಂಗಳು ಅವಳಿಂದ ಅಂಥ ಫೋನ್ ಬರಲೇ ಇಲ್ಲ. ಮಗಳು ಸುಧಾರಿಸಿದಳು ಅಂದುಕೊಂಡೆ. ಸುಧಾರಿಸಿರಲಿಲ್ಲ, ನನ್ನನ್ನು ಕರೆಯುವುದನ್ನು ಬಿಟ್ಟಿದ್ದಳು. ಯಾರ್ಯಾರದೋ ಕಾರಿನಲ್ಲಿ ಬಂದಿದ್ದಳು. ಚಿಕ್ಕವಳು ಬಾಯಿ ಬಿಟ್ಟ ಮೇಲೆ ಗೊತ್ತಾಯಿತು. ಆ ಐದಾರು ತಿಂಗಳಲ್ಲಿ ಏನು ಬೇಕಾದರೂ ಆಗಬಹುದಿತ್ತು ಅಂತ ಈಗಲೂ ಹೊಟ್ಟೆ ತೊಳೆಸುತ್ತೆ.

ಅವಳ ಹತ್ತಿರ ಕ್ಷಮೆ ಕೇಳಿದೆ. ಅಪ್ಪ ಮಗಳ ಹತ್ತಿರ ಕ್ಷಮೆ ಕೇಳೋದಾ ಅಂತ ನಮ್ಮಮ್ಮ ಸಿಟ್ಟಾದರು. ಆದರೆ ಮಾತು ಮುರಿದದ್ದು ನಾನು. ಎರಡನೇ ಸಲ ಕರೆದಾಗ ನೀರಿನ ಬಾಟಲಿ ಕೊಟ್ಟೆ, ಸೀಟ್ ಬೆಲ್ಟ್ ಹಾಕಿಕೋ ಅಂದೆ, ಇನ್ನೇನೂ ಮಾತಾಡಲಿಲ್ಲ. ನಾಲಿಗೆ ತುದಿವರೆಗೆ ಬಂದದ್ದನ್ನು ನುಂಗಿಕೊಂಡು ಓಡಿಸೋದು ಎಷ್ಟು ಕಷ್ಟ ಅಂತ ಓಡಿಸಿದವರಿಗೇ ಗೊತ್ತು. ಮಾರನೇ ದಿನ ಸಂಜೆ ನಾಲ್ಕಕ್ಕೆ ಕೂತು ಮಾತಾಡಿದೆವು. ಆಗ ಎಲ್ಲ ಕೇಳಿದೆ. ಅವಳೂ ಎಲ್ಲ ಹೇಳಿದಳು, ನಾನು ಕೇಳದ್ದನ್ನೂ.

ಒಂದು ಉಪಾಯವನ್ನೂ ಹೇಳಿಬಿಡುತ್ತೇನೆ. ಗೆಳೆಯರ ಮಧ್ಯೆ ನಿಂತು "ಅಪ್ಪ, ಬಂದು ಕರಕೊಂಡು ಹೋಗಿ" ಅನ್ನೋಕೆ ಮಕ್ಕಳಿಗೆ ನಾಚಿಕೆ. ಅದಕ್ಕೆ ಒಂದು ಗುಟ್ಟಿನ ಮೆಸೇಜ್ ಇಟ್ಟುಕೊಳ್ಳಿ. ಅದು ಬಂದ ತಕ್ಷಣ ನೀವು ಫೋನ್ ಮಾಡಿ, ಮನೆಯಲ್ಲಿ ಏನೋ ಆಗಿದೆ, ಬರ್ತಿದೀನಿ, ಹೊರಗೆ ನಿಂತಿರು ಅಂತ ಸ್ವಲ್ಪ ಜೋರಾಗೇ ಹೇಳಿ. ಕೆಟ್ಟವರು ನಾವಾಗೋಣ, ಪರವಾಗಿಲ್ಲ. ಅವರ ಮಾನ ಉಳಿಯುತ್ತೆ.

ಖಡಕ್_ಮಾತು:

ನನಗೆ ಇದು ಒಪ್ಪಿಗೆ ಆಗುತ್ತಿಲ್ಲ, ಕ್ಷಮಿಸಿ. ಮೂರು ಮಕ್ಕಳನ್ನು ಬೆಳೆಸಿದ್ದೇನೆ. "ಕುಡಿದರೂ ಸರಿ, ಕರೆ" ಅಂದರೆ ಆ ವಯಸ್ಸಿನ ಕಿವಿಗೆ ಬೀಳುವುದು "ಕುಡಿದರೂ ಸರಿ" ಅನ್ನುವ ಭಾಗ ಮಾತ್ರ. ಅಪ್ಪನ ಭಯ ಇರಬೇಕು. ನಮ್ಮ ಮಕ್ಕಳು ಕುಡಿಯಲಿಲ್ಲ, ಯಾಕೆಂದರೆ ಕುಡಿದರೆ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಈಗಿನ ಅಪ್ಪ ಅಮ್ಮಂದಿರು ಮಕ್ಕಳ ಗೆಳೆಯರಾಗಲು ಹೋಗಿ ಅಪ್ಪ ಅಮ್ಮ ಆಗೋದನ್ನೇ ಬಿಟ್ಟಿದ್ದಾರೆ. ಕೀ ಕಿತ್ತುಕೊಂಡದ್ದು ಸರಿಯಾಗಿಯೇ ಇದೆ.

ಹನ್ನೆರಡು_ಪರ್ಸೆಂಟ್:

ಖಡಕ್_ಮಾತು ಸರ್, ನನಗೆ ಈಗ 22. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಈ ಮೇಡಂ ಮನೆಯವರು ಹೇಳಿದರಲ್ಲ, ಕುಡಿದು ಬಂದರೆ ಹೊಸಿಲು ತುಳಿಯಬೇಡ ಅಂತ, ನಮ್ಮಪ್ಪನೂ ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದರು. ನನಗೆ ಆಗ 17. ಪ್ರೀತಿಯಿಂದಲೇ ಹೇಳಿದ್ದು, ಈಗ ಅರ್ಥ ಆಗುತ್ತೆ. ಆವತ್ತು ನಾನು ಆ ಮಾತನ್ನು ಇದ್ದ ಹಾಗೇ ತೆಗೆದುಕೊಂಡೆ.

ಆ ರಾತ್ರಿ ನಾನು ಎರಡು ಗ್ಲಾಸ್ ಕುಡಿದಿದ್ದೆ. ಗಾಡಿಯ ಹುಡುಗ ಎಷ್ಟು ಕುಡಿದಿದ್ದ ಅಂತ ಗೊತ್ತಿಲ್ಲ, ನನಗಿಂತ ಜಾಸ್ತಿ. ಅವನು ಕೀ ಹಾಕಲು ತಡಕಾಡುತ್ತಿದ್ದಾಗ ನಾನು ಫೋನ್ ತೆಗೆದೆ. "ಅಪ್ಪ" ಅಂತ ಹೆಸರು ತೆರೆದಿತ್ತು. ಹೆಬ್ಬೆರಳು ಅದರ ಮೇಲೆಯೇ ಇತ್ತು. ಬ್ಯಾಟರಿ 12 ಪರ್ಸೆಂಟ್, ಅದು ಇವತ್ತಿಗೂ ಕಣ್ಣ ಮುಂದೆ ಇದೆ. ಕರೆದರೆ ಮನೆಗೆ ಸೇರಿಸಲ್ಲ. ಕರೆಯದಿದ್ದರೆ, ಬಾಯಿ ತೊಳೆದುಕೊಂಡು, ಎಲ್ಲರೂ ಮಲಗಿದ ಮೇಲೆ, ಸದ್ದಿಲ್ಲದೆ ಒಳಗೆ ಹೋಗಬಹುದು. ಇಷ್ಟೇ ನನ್ನ ಲೆಕ್ಕ. ರಸ್ತೆ, ಅಪಘಾತ, ಸಾವು ಇವು ಯಾವುದೂ ಆ ಲೆಕ್ಕದಲ್ಲಿ ಬರಲೇ ಇಲ್ಲ. ಫೋನ್ ಜೇಬಿಗೆ ಹಾಕಿಕೊಂಡು ಹತ್ತಿ ಕೂತೆ.

ತಿರುವಿನಲ್ಲಿ ಗಾಡಿ ಡಿವೈಡರಿಗೆ ಹೋಯಿತು. ನನ್ನ ಮಂಡಿಯಲ್ಲಿ ಈಗಲೂ ಎರಡು ಸ್ಕ್ರೂ ಇವೆ. ಅವನ ಬಗ್ಗೆ ಬರೆಯೋದಿಲ್ಲ, ಅವನ ಮನೆಯವರು ಎಲ್ಲಿಯಾದರೂ ಓದಬಹುದು.

ನಮ್ಮಪ್ಪ ಆಸ್ಪತ್ರೆಗೆ ಬಂದು ಬೈಯಲಿಲ್ಲ. ಮಂಚದ ಪಕ್ಕ ನಿಂತು "ಯಾಕೋ ಫೋನ್ ಮಾಡ್ಲಿಲ್ಲ?" ಅಂತ ಒಂದೇ ಕೇಳಿದರು. "ನೀವೇ ಬರಬೇಡ ಅಂದಿದ್ರಲ್ಲಪ್ಪ" ಅಂದೆ. ಅವರು ಹೊರಗೆ ಹೋದರು, ತುಂಬಾ ಹೊತ್ತು ಬರಲಿಲ್ಲ. ಆ ಮಾತು ಹೇಳಬಾರದಿತ್ತೇನೋ. ಆದರೆ ನಿಜ ಅದೇ ಆಗಿತ್ತು.

ಸರ್, ನಿಮ್ಮ ಮಕ್ಕಳು ಕುಡಿಯಲಿಲ್ಲ, ಒಳ್ಳೆಯದೇ. ನಿಯಮ ಬೇಡ ಅಂತ ನಾನೂ ಹೇಳುತ್ತಿಲ್ಲ. ನಮ್ಮನೆಯಲ್ಲೂ ನಿಯಮ ಇತ್ತು. ನಿಯಮ ಮುರಿದ ಆ ಒಂದು ರಾತ್ರಿ ಮನೆಗೆ ಬರೋದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಡಂ, ನಿಮಗೆ ಎರಡು ಮಾತು. ಒಂದು, "ಯಾರು ಓಡಿಸ್ತಾರೆ" ಅಂತ ಪಾರ್ಟಿಗೆ ಹೋಗುವ ಮೊದಲೇ ಕೇಳಿ. ಅಲ್ಲಿ ಹೋದ ಮೇಲೆ ಯಾರೂ ನಿರ್ಧಾರ ಮಾಡುವ ಸ್ಥಿತಿಯಲ್ಲಿ ಇರಲ್ಲ. ಒಬ್ಬ ಕುಡಿಯದೇ ಇರಬೇಕು, ಕೀ ಅವನ ಹತ್ತಿರವೇ ಇರಬೇಕು. ಒಂದು ತೊಟ್ಟೂ ಕುಡಿಯದವನು, "ಕಡಿಮೆ ಕುಡಿದವನು" ಅಲ್ಲ. ಎರಡು, ಹತ್ತಲ್ಲ ಅಂತ ಹೇಳುವ ಮಾತನ್ನು ಬಾಯಲ್ಲಿ ಆಡಿಸಿ ಅಭ್ಯಾಸ ಮಾಡಿಸಿ. ನಗು ಬರುತ್ತೆ, ಬರಲಿ. "ನಂಗೆ ಹೊಟ್ಟೆ ಸರಿಯಿಲ್ಲ, ಅಪ್ಪ ಬರ್ತಿದ್ದಾರೆ, ನೀನೂ ಬಾ, ನಿನ್ನ ಗಾಡಿ ಇಲ್ಲೇ ಇರಲಿ" ಅನ್ನೋಕೆ ಹತ್ತು ಸೆಕೆಂಡ್ ಸಾಕು. ಆವತ್ತು ನನಗೆ ಆ ಹತ್ತು ಸೆಕೆಂಡಿನ ಮಾತು ಬರಲಿಲ್ಲ.

ಖಡಕ್_ಮಾತು:

ಓದಿದೆ ಮಗಾ. ಏನು ಬರೆಯಬೇಕೋ ತೋಚುತ್ತಿಲ್ಲ. ನನ್ನ ಕಿರಿಯವನು ಈಗ ಹಾಸ್ಟೆಲಿನಲ್ಲಿ ಇದ್ದಾನೆ. ಇವತ್ತು ಅವನಿಗೆ ಫೋನ್ ಮಾಡುತ್ತೇನೆ.

ಎಲ್_ಬೋರ್ಡ್:

ನಾನು ಡ್ರೈವಿಂಗ್ ಕಲಿಸುವವನು. ಮೇಲಿನವರು ಮನಸ್ಸಿನ ಮಾತು ಹೇಳಿದ್ದಾರೆ, ನಾನು ಗಾಡಿಯ ಕಡೆಯಿಂದ ಹೇಳುತ್ತೇನೆ.

ಹೊಸದಾಗಿ ಕಲಿತವನಿಗೆ ಕುಡಿಯದೇ ಇದ್ದಾಗಲೂ ಎಲ್ಲವೂ ತಲೆಯಿಂದ ಆಗಬೇಕು. ಗೇರು, ಕನ್ನಡಿ, ಬ್ರೇಕು, ಎದುರಿನ ಲೈಟು, ಪ್ರತಿಯೊಂದಕ್ಕೂ ಯೋಚಿಸುತ್ತಾನೆ. ಇಪ್ಪತ್ತು ವರ್ಷ ಓಡಿಸಿದವರಿಗೆ ಅರ್ಧ ಕೆಲಸ ಕೈಕಾಲೇ ಮಾಡಿಬಿಡುತ್ತೆ. ಅದಕ್ಕೇ ದೊಡ್ಡವರು ಕುಡಿದು ಓಡಿಸಿ ದಕ್ಕಿಸಿಕೊಂಡದ್ದನ್ನು ನೋಡಿ ಚಿಕ್ಕವರು ಅದನ್ನೇ ಮಾಡಲು ಹೋದರೆ ದಕ್ಕುವುದಿಲ್ಲ. ದೊಡ್ಡವರಿಗೂ ದಿನಾ ದಕ್ಕುತ್ತೆ ಅಂತ ಇಲ್ಲ, ಅದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇದನ್ನೇ ನೋಡಿ ಎರಡು ಮಿತಿ ಹೇಳುತ್ತೆ. 100 ಮಿಲಿಲೀಟರ್ ರಕ್ತಕ್ಕೆ ದೊಡ್ಡವರಿಗೆ 50 ಮಿಲಿಗ್ರಾಂ, ಹೊಸಬರಿಗೆ ಮತ್ತು ಹರೆಯದವರಿಗೆ 20 ಮಾತ್ರ. 20 ಅಂದರೆ ಹೆಚ್ಚುಕಡಿಮೆ ಏನೂ ಕುಡಿಯಬಾರದು ಅಂತಲೇ ಅರ್ಥ. ಪ್ರಪಂಚದಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ಯಾವ ಕಾಯಿಲೆಯೂ ಅಲ್ಲ, ರಸ್ತೆ.

ನ್ಯೂಜಿಲೆಂಡಿನಲ್ಲಿ 1987ರಲ್ಲಿ ಒಂದು ಪದ್ಧತಿ ತಂದರು. ಲೈಸೆನ್ಸನ್ನು ಒಂದೇ ಸಲ ಪೂರ್ತಿ ಕೊಡುವುದಿಲ್ಲ, ಹಂತ ಹಂತವಾಗಿ ಕೊಡುತ್ತಾರೆ. ಮಧ್ಯದ ಹಂತದಲ್ಲಿ ಇರುವವನು ರಾತ್ರಿ ಹತ್ತರ ಮೇಲೆ ಒಬ್ಬನೇ ಓಡಿಸುವ ಹಾಗಿಲ್ಲ, ಗೆಳೆಯರನ್ನು ತುಂಬಿಕೊಂಡು ಓಡಿಸುವ ಹಾಗೂ ಇಲ್ಲ. ಆಮೇಲೆ ಬೇರೆ ಬೇರೆ ದೇಶಗಳೂ ಇದನ್ನು ತೆಗೆದುಕೊಂಡವು. ಕಾನೂನು ಇರಲಿ ಬಿಡಲಿ, ನಿಮ್ಮ ಮನೆಯಲ್ಲಿ ಇದನ್ನು ನೀವೇ ತರಬಹುದು ಅಲ್ವಾ? ಮೊದಲ ಆರು ತಿಂಗಳು ರಾತ್ರಿ ಗಾಡಿ ಇಲ್ಲ, ಹಿಂದೆ ಗೆಳೆಯರಿಲ್ಲ. ಆದರೆ ಕಾರಣ ಹೇಳಿ, ಯಾವಾಗ ಮುಗಿಯುತ್ತೆ ಅಂತ ತಾರೀಕನ್ನೂ ಹೇಳಿ. ಕೊನೆ ಇಲ್ಲದ ಶಿಕ್ಷೆಯನ್ನು ಯಾವ ಮಗನೂ ಒಪ್ಪುವುದಿಲ್ಲ, ಬಚ್ಚಿಟ್ಟುಕೊಂಡು ಮಾಡುತ್ತಾನೆ. ಕೀ ಕಿತ್ತುಕೊಂಡಿದ್ದಾರಲ್ಲ, ಅದಕ್ಕೂ ಒಂದು ತಾರೀಕು ಹಾಕಿಬಿಡಿ.

ಫೋನ್ ಕವರಿನ ಹಿಂದೆ ಟ್ಯಾಕ್ಸಿಗೆ ಆಗುವಷ್ಟು ದುಡ್ಡು ಯಾವಾಗಲೂ ಇರಲಿ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವ ಹಾಗಿಲ್ಲ, ಖರ್ಚಾದರೆ ಯಾಕೆ ಅಂತ ಕೇಳದೆ ಮತ್ತೆ ಇಡಿ. ನೀವು ಊರಲ್ಲಿ ಇಲ್ಲದಾಗ ಕರೆಯಲು ಇನ್ನೊಬ್ಬ ದೊಡ್ಡವರ ನಂಬರೂ ಇರಲಿ. ಮಾವ, ಚಿಕ್ಕಮ್ಮ, ಪಕ್ಕದ ಮನೆಯವರು, ಮಗನಿಗೆ ಯಾರ ಮೇಲೆ ಸಲಿಗೆ ಇದೆಯೋ ಅವರು.

ಮಾತು ಶುರು ಮಾಡೋದು ಹೇಗೆ ಅಂತ ಕೇಳಿದ್ದೀರಿ. ಎದುರಿಗೆ ಕೂರಿಸಿಕೊಂಡು ಮಾತ್ರ ಬೇಡ, ಅದು ವಿಚಾರಣೆ ಆಗಿಬಿಡುತ್ತೆ. ಅವನು ಓಡಿಸಲಿ, ನೀವು ಪಕ್ಕ ಕೂರಿ. ಇಬ್ಬರ ಕಣ್ಣೂ ರಸ್ತೆ ಮೇಲೆ ಇರುತ್ತೆ, ಮುಖ ನೋಡಬೇಕಾಗಿಲ್ಲ, ಮಾತು ತಾನಾಗಿ ಬರುತ್ತೆ. ನನ್ನ ಹತ್ತಿರ ಕಲಿಯುವ ಹುಡುಗರು ಮನೆಯಲ್ಲಿ ಹೇಳದ್ದನ್ನೆಲ್ಲ ನನಗೆ ಹೇಳುವುದು ಇದೇ ಕಾರಣಕ್ಕೆ ಅನಿಸುತ್ತೆ.

ರಾತ್ರಿಪಾಳಿ:

ಒಂದು ಬಿಟ್ಟುಹೋಗಿತ್ತು. ಹೊರಗೆ ಕುಡಿಯೋದು ಬೇಡ, ಮನೆಯಲ್ಲೇ ನಾವೇ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸೋಣ ಅಂತ ಕೆಲವರು ಯೋಚಿಸುತ್ತಾರೆ. ಅದು ಬೇಡ. ಅದರಿಂದ ಹೊರಗೆ ಕುಡಿಯೋದು ಕಡಿಮೆ ಆಗುವುದಿಲ್ಲ. ಈ ವಯಸ್ಸಿನಲ್ಲಿ ಮೆದುಳು ಇನ್ನೂ ಬೆಳೆಯುತ್ತಿರುತ್ತೆ. ಅದರ ಮುಂಭಾಗ, ಅಂದರೆ ಮುಂದೇನಾಗುತ್ತೆ ಅಂತ ಯೋಚಿಸಿ ತಡೆಯುವ ಭಾಗ, ಪೂರ್ತಿ ಬಲಿಯುವುದು 25ರ ಆಸುಪಾಸಿಗೆ. "ಕುಡಿಯೋದು ನನಗೆ ಇಷ್ಟ ಇಲ್ಲ, ನೀನು ಕುಡಿಯಬಾರದು" ಅಂತ ಸ್ಪಷ್ಟವಾಗಿ ಹೇಳಿ ಅಕ್ಕ. ಅದೇ ಉಸಿರಿನಲ್ಲಿ "ಆದರೂ ಹಾಗೇನಾದರೂ ಆದರೆ ಮೊದಲು ನನಗೆ ಗೊತ್ತಾಗಲಿ" ಅಂತಲೂ ಹೇಳಿ. ಒಪ್ಪಿಗೆ ಕೊಟ್ಟ ಹಾಗಾಗುತ್ತಾ ಅಂತ ಕೇಳಿದ್ದಿರಿ. ಎರಡನ್ನೂ ಹೇಳಿದರೆ ಆಗುವುದಿಲ್ಲ.

ಕಿಟಕಿಪಕ್ಕ:

ಮೂರು ವಾರ ಆಯಿತು, ಬರೆಯಲು ಆಗಿರಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ. ಹನ್ನೆರಡು_ಪರ್ಸೆಂಟ್, ನೀನು ಬರೆದದ್ದನ್ನು ನಮ್ಮವರಿಗೆ ಓದಿ ಹೇಳಿದೆ. "ನೀವೇ ಬರಬೇಡ ಅಂದಿದ್ರಲ್ಲಪ್ಪ" ಅನ್ನುವಲ್ಲಿಗೆ ಬಂದಾಗ "ಸಾಕು ನಿಲ್ಲಿಸು" ಅಂದರು. ಆ ರಾತ್ರಿ ಏನೂ ಮಾತಾಡಲಿಲ್ಲ. ಮಾರನೇ ದಿನ ಮಗನ ಹತ್ತಿರ ಹೋಗಿ ಕೀ ಮೇಜಿನ ಮೇಲಿಟ್ಟರು. "ಹೊಸಿಲು ತುಳೀಬೇಡ ಅಂದಿದ್ದು ತಪ್ಪಾಯ್ತು. ಎಷ್ಟೊತ್ತಿಗಾದ್ರೂ, ಹೇಗಿದ್ರೂ ಮನೆಗೆ ಬಾ. ಬರೋಕಾಗ್ದಿದ್ರೆ ನಾನೇ ಬರ್ತೀನಿ" ಅಂದರು. ಮಗ ನನ್ನ ಮುಖ ನೋಡಿದ, ನಾನು ಹೇಳಿಕೊಟ್ಟಿದ್ದೇನೋ ಅನ್ನುವ ಹಾಗೆ. ನಾನು ಹೇಳಿಕೊಟ್ಟಿರಲಿಲ್ಲ.

ಆಮೇಲೆ ಮಗ ಒಂದು ಪ್ರಶ್ನೆ ಕೇಳಿದ. "ನೀವು?" ಅಂತ. ಅಷ್ಟೇ. ನಮ್ಮವರಿಗೆ ಅರ್ಥ ಆಯಿತು. ಹೋದ ಭಾನುವಾರ ಗೆಳೆಯರ ಮನೆಯಿಂದ ಹೊರಡುವಾಗ ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟರು. ನಾನು ರಾತ್ರಿ ಓಡಿಸಿ ತುಂಬಾ ವರ್ಷವಾಗಿತ್ತು, ನಿಧಾನವಾಗಿ ಓಡಿಸಿಕೊಂಡು ಬಂದೆ. ಮಗ ಹಿಂದೆ ಕೂತಿದ್ದ.

ಗುಟ್ಟಿನ ಮೆಸೇಜ್ ಕೂಡ ಇಟ್ಟುಕೊಂಡಿದ್ದೇವೆ. "ನಾಯಿಗೆ ಊಟ ಹಾಕಿದ್ರಾ?" ಅಂತ. ನಮ್ಮ ಮನೆಯಲ್ಲಿ ನಾಯಿ ಇಲ್ಲ.

ನಿನ್ನೆ ರಾತ್ರಿ ಹನ್ನೆರಡೂ ಹತ್ತಕ್ಕೆ ಅದು ಬಂತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ನಮ್ಮವರು ಅಂಗಿ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಮಗನನ್ನೂ, ಸೈಡ್ ಸ್ಟ್ಯಾಂಡ್ ಹುಡುಗನನ್ನೂ ಇಬ್ಬರನ್ನೂ ಕರೆತಂದರು. ಆ ಹುಡುಗನ ಗಾಡಿ ಅಲ್ಲೇ ಇದೆ. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲವಂತೆ, ರೇಡಿಯೋ ಹಾಕಿದ್ದರಂತೆ. ಆ ಹುಡುಗನ ಅಮ್ಮನಿಗೆ ಫೋನ್ ಮಾಡಿ ನಮ್ಮಲ್ಲೇ ಮಲಗಿದ್ದಾನೆ ಅಂತ ಹೇಳಿದೆ. ಈಗ ಹತ್ತೂವರೆ, ಇಬ್ಬರೂ ಇನ್ನೂ ಎದ್ದಿಲ್ಲ. ನನ್ನ ಮಗ ಕುಡಿದಿದ್ದನೋ ಇಲ್ಲವೋ ಗೊತ್ತಿಲ್ಲ, ಕೇಳಿಲ್ಲ. ಸಂಜೆ ನಾಲ್ಕಕ್ಕೆ ಮಾತಾಡೋಣ ಅಂತ ಅಂದುಕೊಂಡಿದ್ದೇವೆ. ನಮ್ಮವರು ಬೆಳಿಗ್ಗೆಯಿಂದ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಮೊದಲ ಮಾತು ಏನಂತ ಶುರು ಮಾಡಲಿ ಅಂತ ನಿಮ್ಮನ್ನು ಕೇಳಲು ಹೇಳಿದ್ದಾರೆ.

ಎರಡು_ಹೆಣ್ಮಕ್ಕಳ_ಅಪ್ಪ:

"ನೀನು ಮೆಸೇಜ್ ಮಾಡಿದ್ದು ಒಳ್ಳೇದಾಯ್ತು ಮಗಾ." ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ನೆ ಇರೋಕೆ ಹೇಳಿ. ಮುಂದಿನದನ್ನು ಅವನೇ ಶುರು ಮಾಡುತ್ತಾನೆ. ಮಾಡದಿದ್ದರೆ ಆಗ ಕೇಳಲಿ, ಅವಸರ ಬೇಡ. ಇನ್ನೊಂದು, ಆ ಇನ್ನೊಬ್ಬ ಹುಡುಗ ಎದ್ದರೆ ಅವನಿಗೂ ಏನಾದರೂ ತಿನ್ನಲು ಕೊಡಿ, ಮಧ್ಯಾಹ್ನದವರೆಗೆ ಗಾಡಿ ತರಲು ಹೋಗೋದು ಬೇಡ ಅನ್ನಿ.

ಹನ್ನೆರಡು_ಪರ್ಸೆಂಟ್:

ಮೇಡಂ, ಅಂಕಲ್‌ಗೆ ಹೇಳಿ, ರೇಡಿಯೋ ಹಾಕಿದ್ದು ತುಂಬಾ ಒಳ್ಳೇದು ಮಾಡಿದರು. ನಾಲ್ಕರ ಮೇಲೆ ಏನಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.